ಅತ್ತೆ, ಅಳಿಯ ಮತ್ತು ಪೀಪಾಯಿ ಉರುಳಿಸುವ ಕೋತಿ

ನನ್ನ ಅತ್ತೆ ನನ್ನ ಜೊತೆ ಮಾತಾಡುವುದಿಲ್ಲ ಎಂದು ನಾನು ಹೇಳಿಕೊಂಡಾಗಲೆಲ್ಲ ಫ್ಯಾಕ್ಟರಿಯ ಗೆಳೆಯರು ಸಮಾಧಾನ ಹೇಳುವ ಬದಲು ಕೈ ಕುಲುಕುತ್ತಿದ್ದರು. "ಎಲ್ಲಿ ಹುಡುಕಿದ್ಯೋ ಚೌಡೇಶಾ ಇಂಥ ಸಂಬಂಧನ? ಅಂಥಾದ್ದು ಇನ್ನೊಂದಿದ್ರೆ ನೋಡು," ಎಂದು ಹಿರಿಯ ಫಿಟ್ಟರ್ ಮುರುಗೇಶಪ್ಪ ಕೇಳಿದ್ದೂ ಉಂಟು (ಅವರಿಗಾಗಲೇ ಮೊಮ್ಮಕ್ಕಳಿದ್ದಾರೆ, ಆದರೂ ಕೇಳಿದರು). ನನ್ನ ದುಃಖ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಮಾತಾಡುವುದಿಲ್ಲ ಎಂದರೆ ಜಗಳವಾಗಿ ಮಾತು ಬಿಟ್ಟದ್ದಲ್ಲ. ಜಗಳವಾಡಬೇಕೆಂದರೂ ಮೊದಲು ಮಾತಾಡಬೇಕಲ್ಲ. ಭಾನುವಳ್ಳಿಯ ದುರುಗವ್ವ ನನಗೆ ಅತ್ತೆಯಾಗಿ ಹದಿನೇಳು ವರ್ಷ. ಅಂದಿನಿಂದಲೂ ನಾನು ಅವರ ಮನೆಯ ಹೊಸ್ತಿಲು ದಾಟಿದೊಡನೆ ಅವರು ಕೂತಲ್ಲಿಂದ ಎದ್ದು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಅಡುಗೆಮನೆಯೊಳಗೆ ಅಂತರ್ಧಾನರಾಗುತ್ತಿದ್ದರು. ಆಮೇಲೆ ಗೋಡೆಯ ಆಚೆಯಿಂದ ಅಶರೀರವಾಣಿ ಕೇಳಿಸುತ್ತಿತ್ತು. "ಪುಷ್ಪಾ, ಅವ್ರು ಕೈಕಾಲು ತೊಳ್ಕೊಂತಾರೇನು ಕೇಳು."

ಪುಷ್ಪಾ ಎಂದರೆ ಪುಷ್ಪಲತಾ, ನನ್ನ ಹೆಂಡತಿ. ನನ್ನ ಪಕ್ಕದಲ್ಲೇ ಕೂತಿರುತ್ತಿದ್ದಳು. ನಾನು ಅವಳಿಗೆ, "ತೊಳ್ಕೊಂತೀನಿ ಅಂತ ಹೇಳು," ಎನ್ನುತ್ತಿದ್ದೆ. ಅವಳು ಗೋಡೆಗೆ, "ತೊಳ್ಕೊಂತಾರಂತೆ ಅವ್ವಾ," ಎನ್ನುತ್ತಿದ್ದಳು. ಹೀಗೆ ಮೂರು ಜನ ಸೇರಿ ಎರಡು ಕಾಲು ತೊಳೆಯುತ್ತಿದ್ದೆವು.

ಇದು ಅಳಿಯನಿಗೆ ಕೊಡುವ ಮರ್ಯಾದೆ ಎಂದು ಊರವರು ಹೇಳುತ್ತಾರೆ. ನನಗೆ ಮಾತ್ರ ಬೇರೆಯೇ ಅನುಮಾನವಿತ್ತು. ಪುಷ್ಪಲತಾ ಹರಿಹರದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರು. ನಾನು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು, ಅಂದರೆ ನಟ್ಟು ಬೋಲ್ಟುಗಳ ಸಾಮ್ರಾಜ್ಯದ ಚಕ್ರವರ್ತಿ. ಅಷ್ಟು ಓದಿದ ಮಗಳನ್ನು ನಟ್ಟು ಬೋಲ್ಟಿಗೆ ಕೊಟ್ಟೆನಲ್ಲ ಎಂಬ ಕೊರಗು ಆ ಸೆರಗಿನೊಳಗೆ ಇದೆ, ಅತ್ತೆಗೆ ನಾನು ಹಿಡಿಸಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಒಂದು ತೀರ್ಮಾನವನ್ನು ಅಷ್ಟು ವರ್ಷ ಮನೆಯಲ್ಲಿ ಸಾಕಿದರೆ ಅದೂ ಪಂಕ್ತಿಯಲ್ಲಿ ಊಟಕ್ಕೆ ಕೂರತೊಡಗುತ್ತದೆ.

ಕಳೆದ ಚಳಿಗಾಲ ಮುಗಿಯುವ ಹೊತ್ತಿಗೆ ಅತ್ತೆ ಕಾಲುವೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವಾಗ ಜಾರಿ ಬಿದ್ದು ಕಾಲಿನ ಹರಡಿನ ಮೂಳೆ ಬಿರುಕು ಬಿಟ್ಟಿತು. ದಾವಣಗೆರೆಗೆ ಕರೆತಂದು ತೋರಿಸಿದೆವು. ಡಾಕ್ಟರು ಮೊಣಕಾಲವರೆಗೆ ಸಿಮೆಂಟ್ ಪಟ್ಟಿ ಹಾಕಿ, "ಕಾಲು ನೆಲಕ್ಕೆ ಊರಂಗಿಲ್ಲ," ಎಂದರು. ಭಾನುವಳ್ಳಿಯಲ್ಲಿ ನನ್ನ ಭಾಮೈದನ ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು, ನೋಡಿಕೊಳ್ಳುವವರಿಲ್ಲ. ಹೀಗಾಗಿ ಅಳಿಯನ ಮನೆಯಲ್ಲಿ ಒಂದು ರಾತ್ರಿಯೂ ತಂಗದಿದ್ದ ಅತ್ತೆ ನಿಟುವಳ್ಳಿಯ ನಮ್ಮ ಮನೆಗೆ ಬಂದು, ನಡುಮನೆಯ ಮಂಚದ ಮೇಲೆ, ಎದ್ದು ಓಡಿಹೋಗಲಾರದ ಸ್ಥಿತಿಯಲ್ಲಿ ಪ್ರತಿಷ್ಠಾಪಿತರಾದರು.

ನಮ್ಮ ಮನೆಯ ವೇಳಾಪಟ್ಟಿ ಹೀಗಿದೆ. ಪುಷ್ಪಲತಾ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದರೆ ಬರುವುದು ಸಂಜೆ. ನನಗೆ ಎರಡನೇ ಪಾಳಿ, ಹೊರಡುವುದು ಮಧ್ಯಾಹ್ನ. ಮಗಳು ಆಶಾ ಶಿವಮೊಗ್ಗದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ. ಪಕ್ಕದ ಮನೆಯ ಸುಧಾ ನಡುನಡುವೆ ಬಂದು ಅತ್ತೆಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಬರಲು ಒಪ್ಪಿದ್ದಳು. ಉಳಿದ ಬೆಳಗೆಲ್ಲ ಮನೆಯಲ್ಲಿ ಇಬ್ಬರೇ.

ಮೊದಲ ದಿನ ಪುಷ್ಪಲತಾ ಹೊರಡುವಾಗ ನಾನು ಗೇಟಿನವರೆಗೆ ಹೋಗಿ ಪಿಸುಗುಟ್ಟಿದೆ. "ಅವ್ರಿಗೆ ಏನಾದ್ರೂ ಬೇಕಾದ್ರೆ?"

"ಏನು ಬೇಕು ಅಂತ ಕೇಳ್ರಿ."

"ನಾನಾ?"

"ಮತ್ತೇನು, ಬೀದಿಯಾಗೆ ಮಂಡಕ್ಕಿ ಮಾರೋನು ಬಂದು ಕೇಳ್ತಾನಾ?" ಎಂದು ಅವಳು ಬ್ಯಾಗನ್ನು ಹೆಗಲಿಗೇರಿಸಿ ಹೊರಟೇಬಿಟ್ಟಳು.

ನಾನು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತೆ. ಮಂಚದ ಮೇಲೆ ಒಂದು ಬಿಳಿಯ ಕಾಲು, ಒಂದು ಹಸಿರು ಸೆರಗು. ಮುಖವೆಂಬುದು ಸೆರಗಿನ ಒಳಗೆಲ್ಲೋ ಇತ್ತು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ದನಿ ಬಂತು. "ಏನಪಾ ಫ್ಯಾನೂ, ಒಂದ್ ಲೋಟ ನೀರು ಸಿಕ್ಕಿದ್ರೆ ಗುಳಿಗಿ ನುಂಗಬೋದಿತ್ತು ನೋಡು."

ನಾನು ತಲೆ ಎತ್ತಿ ಫ್ಯಾನನ್ನು ನೋಡಿದೆ. ಅದು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಎದ್ದು ಹೋಗಿ ನೀರು ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟೆ. ಸೆರಗು ಒಂದು ಗುಟುಕು ಕುಡಿದು, "ಬಿಸಿನೀರು ಇದ್ದಿದ್ರೆ ಚಲೋ ಇತ್ತು ಫ್ಯಾನೂ," ಎಂದಿತು. ನನಗೂ ಬೇರೆ ದಾರಿ ತೋಚಲಿಲ್ಲ. ನಾನೂ ಸೂರಿನ ಕಡೆ ಮುಖ ಮಾಡಿ, "ಬಿಸಿ ಮಾಡಿ ತರ್ತಾರಂತೆ, ಸ್ವಲ್ಪ ತಡೀಬೇಕಂತೆ," ಎಂದೆ.

ಹೀಗೆ ನಮ್ಮ ಮನೆಯ ಫ್ಯಾನು ರಾಯಭಾರಿಯಾಯಿತು. ಅದರ ಮೂಲಕ ನಾವು ಔಷಧಿ, ಊಟ, ಕಿಟಕಿಯ ಬಿಸಿಲು ಮುಂತಾದ ಗಂಭೀರ ವಿಷಯಗಳನ್ನು ಚರ್ಚಿಸಿದೆವು. ಒಂದು ಬೆಳಿಗ್ಗೆ ನಾನು ಮಾಡಿದ ಉಪ್ಪಿಟ್ಟು ಗಂಟಾಗಿರುವ ಬಗ್ಗೆ ಇಬ್ಬರೂ ಮೇಲೆ ನೋಡುತ್ತಾ ಮಾತಾಡುತ್ತಿದ್ದಾಗ ಸುಧಾ ಬಾಗಿಲಲ್ಲಿ ಬಂದು ನಿಂತಳು. ನಮ್ಮನ್ನು ನೋಡಿದಳು. ತಾನೂ ಮೇಲೆ ನೋಡಿದಳು. ಸಂಜೆ ಪುಷ್ಪಲತಾಳ ಹತ್ತಿರ, "ಅಕ್ಕಾ, ನಿಮ್ಮನೇಲಿ ಅಟ್ಟದ ಮ್ಯಾಲೆ ಯಾರಾದ್ರೂ ಅದಾರಾ?" ಎಂದು ಕೇಳಿದಳಂತೆ.

ಎರಡು ಕುಟುಂಬಗಳ ಹೊರೆ ತಾಳಲಾರದೆಯೋ ಏನೋ, ವಾರದೊಳಗೆ ಫ್ಯಾನು ನಿಂತುಹೋಯಿತು. ರೆಗ್ಯುಲೇಟರ್ ಸುಟ್ಟಿತ್ತು. ನಾನು ಅದನ್ನು ಬಿಚ್ಚಿಕೊಂಡು ಮಂಡಿಪೇಟೆಯ ಜುಬೇರನ ರಿಪೇರಿ ಅಂಗಡಿಗೆ ಹೋದೆ. ಜುಬೇರ್ ಹಳೆಯ ಪರಿಚಯ. ಅವನ ಅಂಗಡಿಯಲ್ಲಿ ಸತ್ತ ರೇಡಿಯೊ, ಮಿಕ್ಸಿ, ಮೊಬೈಲುಗಳೆಲ್ಲ ಪುನರ್ಜನ್ಮಕ್ಕಾಗಿ ಸಾಲಾಗಿ ಕಾಯುತ್ತಿರುತ್ತವೆ. ಅವನು ರೆಗ್ಯುಲೇಟರ್ ಹುಡುಕುವಷ್ಟರಲ್ಲಿ ನನ್ನ ಕಣ್ಣು ಗಾಜಿನ ಕಪಾಟಿನ ಮೇಲೆ ಬಿತ್ತು. ಅಲ್ಲಿ ಅಂಗೈಯಗಲದ ಒಂದು ಡಬ್ಬಿ ಇತ್ತು. ನಡುವೆ ಬೂದು ಗಾಜು, ಎರಡೂ ಪಕ್ಕಕ್ಕೆ ಗುಂಡಿಗಳು.

ನನಗೆ ಅದರ ಗುರುತು ಸಿಕ್ಕಿತು. ನಾನು ಹುಡುಗನಾಗಿದ್ದಾಗ ಟಾಕೀಸಿನ ಪಕ್ಕದ ಅಂಗಡಿಯೊಂದರಲ್ಲಿ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಈ ಆಟವಿತ್ತು. ಮೂರು ಅಟ್ಟ, ಅಟ್ಟದಿಂದ ಅಟ್ಟಕ್ಕೆ ಏಣಿ. ಎಲ್ಲಕ್ಕಿಂತ ಮೇಲೆ ಒಂದು ದೊಡ್ಡ ಕೋತಿ, ಅದರ ಹಿಂದೆ ಸೆರೆಸಿಕ್ಕ ಒಬ್ಬ ಹೆಂಗಸು. ಕೆಳಗಿನಿಂದ ಒಬ್ಬ ಕುಳ್ಳ ಏಣಿ ಹತ್ತುತ್ತಾ ಅವಳನ್ನು ಬಿಡಿಸಲು ಹೋಗುತ್ತಾನೆ. ಕೋತಿ ಮೇಲಿನಿಂದ ಪೀಪಾಯಿ ಉರುಳಿಸುತ್ತದೆ. ಕುಳ್ಳ ಹಾರಿ ತಪ್ಪಿಸಿಕೊಳ್ಳಬೇಕು. ಆಗ ನಾನು ಆಡಿದ್ದಕ್ಕಿಂತ ಬೇರೆಯವರ ಹೆಗಲ ಮೇಲಿಂದ ಇಣುಕಿ ನೋಡಿದ್ದೇ ಹೆಚ್ಚು. ಆ ಬೀರುವನ್ನೇ ಯಾರೋ ಪುಣ್ಯಾತ್ಮರು ಕೈಯೊಳಗೆ ಹಿಡಿಸುವ ಹಾಗೆ ಕುಗ್ಗಿಸಿದ್ದರು.

"ಪುರಾನಾ ಮಾಲು ಅಣ್ಣಾ, ಆದ್ರೆ ಚಾಲೂ ಐತೆ," ಎಂದ ಜುಬೇರ್. "ಯಾರಿಗೆ, ಮಗಳಿಗಾ?"

"ನನಗೇ. ಮನೆಯಾಗೆ ಮಾತಾಡಾಕೆ ಯಾರೂ ಇಲ್ಲ."

ಅವನು ಹೆಚ್ಚು ಕೇಳಲಿಲ್ಲ. ಹೊಸ ಗುಂಡು ಸೆಲ್ಲು ಹಾಕಿ ಕೊಟ್ಟ.

ಮರುದಿನ ಫ್ಯಾನು ತಿರುಗತೊಡಗಿತು, ನಾನು ಮಾತ್ರ ಅದರ ಕಡೆ ನೋಡಲಿಲ್ಲ. ಉಪ್ಪಿಟ್ಟಿನ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು ಆಟ ಶುರುಮಾಡಿದೆ. ಟುಕ್ ಟುಕ್ ಟುಕ್ ಎಂದು ಪೀಪಾಯಿ ಉರುಳುತ್ತಿತ್ತು. ಕುಳ್ಳ ಹಾರಿದರೆ ಪೀಂ. ಪೀಪಾಯಿ ತಗುಲಿ ಬಿದ್ದರೆ ಟರ್‌ರ್. ನನ್ನ ಆಟದಲ್ಲಿ ಟರ್‌ರ್ ಹೆಚ್ಚು, ಪೀಂ ಕಡಿಮೆ. ನಡುವೆ ಒಮ್ಮೆ ತಲೆ ಎತ್ತಿದಾಗ ಸೆರಗಿನ ಅಂಚು ಕೊಂಚ ಸರಿದಂತೆ ಕಂಡಿತು. ನಾನು ನೋಡಿದೊಡನೆ ಮುಚ್ಚಿಕೊಂಡಿತು.

ಅದರ ಮರುದಿನ ಸೆರಗಿನ ಬಿರುಕಿನಲ್ಲಿ ಒಂದು ಕಣ್ಣು ಕಾಣಿಸಿತು. ಆಮೇಲೊಂದು ದಿನ ಎರಡೂ ಕಣ್ಣು. ನಾನು ಏನೂ ಗೊತ್ತಿಲ್ಲದವನಂತೆ ಕುರ್ಚಿಯನ್ನು ಮಂಚದ ಕಡೆಗೆ ಸ್ವಲ್ಪ ಸ್ವಲ್ಪವೇ ಎಳೆದುಕೊಂಡೆ. ಗಾಜನ್ನು ಆ ಕಡೆಯವರಿಗೂ ಕಾಣುವಂತೆ ಓರೆಯಾಗಿ ಹಿಡಿದೆ. ಹಾಗೆ ಹಿಡಿದರೆ ನನಗೇ ಸರಿಯಾಗಿ ಕಾಣುತ್ತಿರಲಿಲ್ಲ. ಕುಳ್ಳ ಇನ್ನೂ ಬೇಗ ಸಾಯುತ್ತಿದ್ದ. ಪ್ರತಿ ಸಲ ಅವನು ಬಿದ್ದಾಗಲೂ ಸೆರಗಿನೊಳಗಿಂದ ಮೆಲ್ಲಗೆ "ಚೊಚ್ಚೊ" ಎಂಬ ಸದ್ದು ಬರುತ್ತಿತ್ತು.

ಒಂದು ದಿನ ಏನಾಯಿತೆಂದರೆ, ನನ್ನ ಕುಳ್ಳ ಎಂದೂ ತಲುಪದ ಎತ್ತರ ತಲುಪಿದ. ಕೊನೆಯ ಅಟ್ಟ. ಕೋತಿ ಎದುರಿಗೇ ಇತ್ತು. ಅದು ಎರಡು ಪೀಪಾಯಿಗಳನ್ನು ಒಂದರ ಹಿಂದೊಂದು ಬಿಟ್ಟಿತು. ಮೊದಲನೆಯದನ್ನು ನಾನು ಹಾರಿಸಿದೆ, ಮತ್ತು ಆ ಮಹಾಸಾಧನೆಯ ನಡುವೆ ಹಣೆಯ ಬೆವರು ಒರೆಸಿಕೊಳ್ಳಲು ಒಂದು ಕೈ ಎತ್ತಿದೆ.

"ಹಾರಲೇ ಮೂಳಾ, ಇನ್ನೊಂದು ಬಂತು!"

ನನ್ನ ಕೈಯಿಂದ ಡಬ್ಬಿ ಮಡಿಲಿಗೆ ಬಿತ್ತು. ಟರ್‌ರ್. ಮಂಚದ ಮೇಲೆ ಅತ್ತೆ ಅರ್ಧ ಎದ್ದು ಕೂತಿದ್ದರು. ಸೆರಗು ಹೆಗಲಿಗೆ ಜಾರಿತ್ತು. ಅವರ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಪುಷ್ಪಲತಾಳ ಮೂಗು ಎಲ್ಲಿಂದ ಬಂತೆಂದು ಗೊತ್ತಾಯಿತು. ಮರುಗಳಿಗೆಯಲ್ಲಿ ಸೆರಗು ಗಲ್ಲದವರೆಗೆ ಇಳಿಯಿತು. ಒಳಗಿನಿಂದ, "ಯವ್ವಾ ದುರುಗಮ್ಮಾ, ನನ್ನ ನಾಲಿಗಿಗೆ ಏನು ಬಂತು," ಎಂದು ದೇವಿಯನ್ನು ಕರೆಯುವ ನರಳಾಟ ಕೇಳಿಸಿತು.

ಹದಿನೇಳು ವರ್ಷಗಳಲ್ಲಿ ಅತ್ತೆ ನನಗೆ ನೇರವಾಗಿ ಆಡಿದ ಮೊದಲ ಮಾತಿನಲ್ಲಿ ನನಗೆ ಸಂದ ಬಿರುದು 'ಮೂಳ'. ಸತ್ಯವಾಗಿ ಹೇಳುತ್ತೇನೆ, ನನಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಸೆರಗು ಅಲುಗಾಡುತ್ತಿತ್ತು. ಅವರು ನಿಜವಾಗಿಯೂ ನೊಂದುಕೊಂಡಿದ್ದರು. ಏನಾದರೂ ಹೇಳಬೇಕಿತ್ತು. ನಾನು ಗಂಟಲು ಸರಿಮಾಡಿಕೊಂಡು, ಫ್ಯಾನಿಗಲ್ಲ, ಸೆರಗಿಗೇ ಹೇಳಿದೆ. "ಅತ್ತೆ, ನೀವು ಹೇಳಿದ್ದು ಸರಿ ಐತೆ. ನಾನು ನೋಡ್ಲಿಲ್ಲ. ನೀವು ಆಡ್ತೀರಾ?"

ಕೈಯಿಂದ ಕೈಗೆ ಕೊಟ್ಟರೆ ಅವರು ತೆಗೆದುಕೊಳ್ಳುವುದಿಲ್ಲವೆಂದು ಗೊತ್ತಿತ್ತು. ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು ನಾನು ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ನಡುಮನೆಯಿಂದ ಕೇಳಿಸಿತು. ಟುಕ್ ಟುಕ್ ಟುಕ್.

ಅತ್ತೆಯ ಆಟ ನನ್ನದಕ್ಕಿಂತ ಕೆಟ್ಟದಾಗಿತ್ತು. ಅವರು ಕುಳ್ಳನನ್ನು ಮೇಲಕ್ಕೆ ಕಳಿಸಲು ಒಪ್ಪಲೇ ಇಲ್ಲ. "ಕೆಳಗೆ ಆರಾಮಾಗಿ ಅದಾನೆ, ಮ್ಯಾಲೆ ಹೋಗಿ ಯಾಕ ಪೆಟ್ಟು ತಿನ್ನಬೇಕು," ಎನ್ನುತ್ತಿದ್ದರು. ಪೀಪಾಯಿ ಕೆಳಗೂ ಉರುಳಿ ಬಂದು ಅವನನ್ನು ಬಡಿದ ಮೇಲೆ, "ಸುಮ್ನಿದ್ರೂ ಬಿಡಲ್ಲ ಇದು," ಎಂದು ಹತ್ತಿಸತೊಡಗಿದರು. ಅವನು ಸತ್ತಾಗಲೆಲ್ಲ ಗಾಜನ್ನು ಸೆರಗಿನಿಂದ ಒರೆಸಿ, "ತಪ್ಪಾತಪಾ, ಏಳು," ಎನ್ನುತ್ತಿದ್ದರು.

"ಮ್ಯಾಲೆ ನಿಂತಾಕಿ ಯಾರು?" ಎಂದು ಒಂದು ದಿನ ಕೇಳಿದರು. ಪ್ರಶ್ನೆ ಡಬ್ಬಿಯನ್ನು ಉದ್ದೇಶಿಸಿದಂತಿತ್ತು, ಆದರೂ ಉತ್ತರ ನಾನೇ ಕೊಟ್ಟೆ.

"ಇವನ ಹೆಂಡ್ತಿ ಇರ್ಬೇಕು ಅತ್ತೆ. ಕೋತಿ ಹೊತ್ಕೊಂಡು ಹೋಗೈತೆ."

"ಏಣಿ ಐತಲ್ಲ. ಇಳಿದು ಬರಾಕೆ ಏನಾಗೈತೆ ಅಕಿಗೆ?"

"ಹೆದ್ರಿಕೊಂಡಿರ್ಬೇಕು."

"ಹೆದ್ರಿಕಿನೂ ಇಲ್ಲ ಏನೂ ಇಲ್ಲ. ಗಂಡ ಬರ್ತಾನೋ ಇಲ್ವೋ ನೋಡಾಣ ಅಂತ ನಿಂತಾಳೆ," ಎಂದು ಅತ್ತೆ ಗುಂಡಿ ಒತ್ತಿದರು. ಪೀಂ.

ಆಮೇಲೆ ನಮ್ಮ ಬೆಳಗುಗಳು ಹೇಗೆ ಕಳೆದವೋ ಗೊತ್ತಾಗಲಿಲ್ಲ. ಒಬ್ಬರು ಆಡುವುದು, ಇನ್ನೊಬ್ಬರು ಎಚ್ಚರಿಸುವುದು. ಹಾಲು ಉಕ್ಕಿ ಹರಿಯಿತು. ಕುಕ್ಕರ್ ಎಷ್ಟು ಕೂಗಿತೆಂದು ಇಬ್ಬರಿಗೂ ಗೊತ್ತಿಲ್ಲದೆ ಬೇಳೆ ಅಂಬಲಿಯಾಯಿತು. ನಾನು ಎರಡು ಸಲ ಕೆಲಸಕ್ಕೆ ತಡವಾಗಿ ಹೋದೆ. ಆದರೆ ಸಂಜೆ ಪುಷ್ಪಲತಾ ಗೇಟು ತೆಗೆದ ಸದ್ದಾದರೆ ಡಬ್ಬಿ ದಿಂಬಿನ ಕೆಳಗೆ, ಸೆರಗು ಹಣೆಯ ಮೇಲೆ ಹೋಗಿಬಿಡುತ್ತಿತ್ತು ಎಂದು ಅತ್ತೆಯೇ ಹೇಳಿದರು. "ಮಗಳ ಮುಂದೆ ನಾಚಿಕೆ ಬರ್ತೈತೆ," ಎಂದರು. ರಜೆಯ ದಿನಗಳಲ್ಲಿ ನಾನೂ, "ಪುಷ್ಪಾ, ಅತ್ತೆಗೆ ಇನ್ನೊಂದ್ ರೊಟ್ಟಿ ಬೇಕಾ ಕೇಳು," ಎಂದು ಹಳೆಯ ನಾಟಕವನ್ನೇ ಆಡಿದೆ.

ಒಂದು ಬೆಳಿಗ್ಗೆ ಧೈರ್ಯ ಮಾಡಿ ಕೇಳಿದೆ. "ಅತ್ತೆ, ಇಷ್ಟು ವರ್ಷ ನನ್ನ ಜೊತೆ ಯಾಕ ಮಾತಾಡ್ಲಿಲ್ಲ?"

ಅವರು ಗಾಜಿನಿಂದ ಕಣ್ಣೆತ್ತಲಿಲ್ಲ. "ನೀವು ಮಾತಾಡಿಸ್ಲಿಲ್ಲ."

"ನಾನಾ?"

"ಅಳಿಯಂದ್ರು ಮೊದ್ಲು ಮಾತಾಡಿಸ್ಬೇಕು, ಆಮೇಲೆ ಅತ್ತೆ ಬಾಯಿ ಬಿಡಾದು. ನಮ್ಮನೆ ಕಡೆ ಹಂಗೆ. ನೀವು ಬಂದಾಗೆಲ್ಲ ಪುಷ್ಪಾಗೆ ಹೇಳ್ತಿದ್ರಿ, ಪುಷ್ಪಾಗೆ ಕೇಳ್ತಿದ್ರಿ. ಪ್ಯಾಟೆ ಮನುಷ್ಯ, ಫ್ಯಾಕ್ಟರಿ ನೌಕರಿ, ಹಳ್ಳಿ ಹೆಂಗಸಿನ ಜೊತೆ ಏನು ಮಾತಾಡ್ತಾರೆ ಅಂತ ನಾನೂ ಸುಮ್ನಾದೆ."

ನಟ್ಟು ಬಿಗಿ ಮಾಡುವ ಸ್ಪ್ಯಾನರುಗಳ ಲೆಕ್ಕವನ್ನೆಲ್ಲ ಇಟ್ಟವನು ನಾನು. ಬಿಗುಮಾನ ನನ್ನ ಲೆಕ್ಕದಲ್ಲೇ ಇದೆ ಎಂದು ತಿಳಿದಿರಲಿಲ್ಲ. ಅತ್ತೆಯೇ ಮುಂದುವರಿಸಿದರು. "ಹೋಗ್ಲಿ, ದೀಪಾವಳಿಗೆ ಬೆಣ್ಣಿ ಕಳಿಸ್ತಿದ್ನಲ್ಲ, ಅಳಿಯಂದ್ರಿಗೆ ರೊಟ್ಟಿ ಜೊತೆ ಹಾಕು ಅಂತ. ಹೆಂಗಿತ್ತು ಅಂತ ಒಂದ್ ಸಲನಾದ್ರೂ ಹೇಳಿ ಕಳಿಸ್ಬೋದಿತ್ತು ನೀವು."

ಬೆಣ್ಣೆ ಪ್ರತಿ ವರ್ಷ ಬರುತ್ತಿತ್ತು, ನಿಜ. "ಅವ್ವ ನನಗೆ ಅಂತ ಕಳಿಸ್ಯಾಳೆ," ಎಂದು ಪುಷ್ಪಲತಾ ಹೇಳುತ್ತಿದ್ದಳು. ನನಗೂ ಒಂದು ಉಂಡೆ ಬರುತ್ತಿತ್ತು, ದಾನದ ರೂಪದಲ್ಲಿ. ಈ ವಿಷಯವನ್ನು ಸರಿಯಾದ ಸಮಯಕ್ಕೆಂದು ನಾನು ಹೊಟ್ಟೆಯಲ್ಲಿಟ್ಟುಕೊಂಡೆ.

ಆ ಸಮಯ ಪಟ್ಟಿ ಬಿಚ್ಚುವ ದಿನ ಬಂತು. ಅಂದು ಶನಿವಾರ, ಪುಷ್ಪಲತಾ ಅರ್ಧ ದಿನದ ಶಾಲೆ ಮುಗಿಸಿ ಹರಿಹರದಿಂದ ನೇರವಾಗಿ ಆಸ್ಪತ್ರೆಗೆ ಬರುತ್ತೇನೆಂದಿದ್ದಳು. ನಾನು ರಜೆ ಹಾಕಿ ಅತ್ತೆಯನ್ನು ಆಟೊದಲ್ಲಿ ಕರೆದುಕೊಂಡು ಹೋದೆ. ಡಬ್ಬಿ ಅವರ ಎಲೆ ಅಡಿಕೆಯ ಸಂಚಿಯಲ್ಲಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಸರದಿ ಬರುವವರೆಗೆ ಒಂದೇ ಒಂದು ಆಟ ಎಂದು ಶುರುಮಾಡಿದೆವು.

ಸರದಿ ಯಾವಾಗ ಬಂತೋ ಯಾವಾಗ ಹೋಯಿತೋ ನಮಗೆ ತಿಳಿಯದು. ನರ್ಸು ಹೆಸರು ಹಿಡಿದು ಕೂಗಿದಳಂತೆ. ನಮ್ಮ ಹಿಂದೆ ನಾಲ್ಕಾರು ರೋಗಿಗಳು ನೆರೆದಿದ್ದರು. ಕೈಗೆ ಜೋಳಿಗೆ ಕಟ್ಟಿಕೊಂಡಿದ್ದ ಒಬ್ಬರು, "ಈಗ ಏಣಿ ಹತ್ತಬ್ಯಾಡ್ರಿ, ತಡೀರಿ," ಎಂದು ಸಲಹೆ ಕೊಡುತ್ತಿದ್ದರು.

"ಎಡಕ್ಕೆ ಹೋಗ್ರಿ ಅಂದ್ರೆ ಬಲಕ್ಕೆ ಹೋಗ್ತೀರಲ್ಲ, ಕಣ್ಣು ಎಲ್ಲಿಟ್ಟೀರಿ?" ಎಂದರು ಅತ್ತೆ.

"ನಿಮ್ಮ ಸೆರಗು ಅಡ್ಡ ಬಂತು ಅತ್ತೆ."

"ಸೆರಗಿನ ಮ್ಯಾಲೆ ಹಾಕಬ್ಯಾಡ್ರಿ. ಇಲ್ಲಿ ಕೊಡ್ರಿ."

"ಅವ್ವಾ," ಎಂದಿತು ಮೂರನೆಯ ದನಿ.

ಪುಷ್ಪಲತಾ ನಿಂತಿದ್ದಳು. ಪರೀಕ್ಷೆಯ ಕೊಠಡಿಯಲ್ಲಿ ನಕಲು ಹೊಡೆಯುವವರನ್ನು ಹಿಡಿದಾಗ ಅವಳ ಮುಖ ಹೇಗಿರುತ್ತದೆಂದು ನನಗೆ ಅಂದು ಗೊತ್ತಾಯಿತು. ಅತ್ತೆಯ ಕೈ ಸೆರಗಿನ ಕಡೆ ಹೋಯಿತು, ಆದರೆ ಕೈಯಲ್ಲಿ ಡಬ್ಬಿಯಿತ್ತು. "ಯಾವಾಗಿಂದ?" ಎಂದಳು ಅವಳು. ಇಬ್ಬರೂ ತಲೆ ತಗ್ಗಿಸಿದೆವು. ಅಷ್ಟರಲ್ಲಿ ನರ್ಸು ಬಂದು, ನಮ್ಮ ಸರದಿ ತಪ್ಪಿತೆಂದೂ ಡಾಕ್ಟರು ಊಟಕ್ಕೆ ಹೋದರೆಂದೂ ಇನ್ನು ಕೊನೆಯವರೆಗೆ ಕಾಯಬೇಕೆಂದೂ ತೀರ್ಪು ಹೇಳಿದಳು.

ಪುಷ್ಪಲತಾ ಅಭ್ಯಾಸಬಲದಿಂದ ನಮ್ಮಿಬ್ಬರ ನಡುವೆ ಕೂತಳು. ಕಾಯುವುದು ಹೇಗೂ ಇತ್ತು. ನಾನು ಹೊಟ್ಟೆಯಲ್ಲಿದ್ದ ಬೆಣ್ಣೆಯನ್ನು ಹೊರತೆಗೆದೆ. "ದೀಪಾವಳಿ ಬೆಣ್ಣಿ ಯಾರಿಗೆ ಬರ್ತಿತ್ತು?"

"ಮನೆಗೆ," ಎಂದಳು.

"ಮನೆಗಾ, ನನಗಾ?"

"ನೀವು ಮನೆಯಾಗೇ ಇರ್ತೀರಲ್ಲ."

ಅತ್ತೆ ಆ ಕಡೆಯಿಂದ ಬಾಗಿದರು. "ಆ ನೀಲಿ ಸ್ವೆಟರ್ ಅಳಿಯಂದ್ರಿಗೆ ಚಲೋ ಒಪ್ಪೈತೆ ಅಂತ ಹೇಳು ಅಂದಿದ್ದೆ. ಹೇಳಿದ್ಯಾ?"

"ಆ ಸ್ವೆಟರ್ ಬಿಚ್ಚಿ ಒಗಿಯಾಕೆ ಹಾಕಬೇಕಂತೆ ಅಂತ ನನಗೆ ಹೇಳಿದ್ಲು," ಎಂದೆ ನಾನು. ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು, ಹದಿನೇಳು ವರ್ಷಗಳ ಟಪಾಲು ಹೊರಗೆ ಬರತೊಡಗಿತು. ಅಳಿಯಂದ್ರು ಸೊರಗ್ಯಾರೆ ಎಂದು ಅತ್ತೆ ಮರುಗಿದ್ದು ನನಗೆ ತಲುಪಿರಲಿಲ್ಲ. ಅತ್ತೆಯ ಸಾರಿನ ರುಚಿ ಯಾರಿಗೂ ಬರಲ್ಲ ಎಂದು ನಾನು ಹೇಳಿ ಕಳಿಸಿದ್ದು ಅವರಿಗೆ ತಲುಪಿರಲಿಲ್ಲ. ಎಲ್ಲವೂ ನಡುವೆ ಕೂತ ಕನ್ನಡ ಟೀಚರ ಕೆಂಪು ಪೆನ್ನಿಗೆ ಬಲಿಯಾಗಿತ್ತು.

"ಎಲ್ಲಾ ತಿದ್ದಿಬಿಟ್ಟೀಯಲ್ಲ," ಎಂದೆ. ನನ್ನ ದನಿಯಲ್ಲಿ ನ್ಯಾಯಾಧೀಶರ ಗಾಂಭೀರ್ಯವಿತ್ತು.

"ತಿದ್ದಿದೀನಿ," ಎಂದಳು ಅವಳು, ಸ್ವಲ್ಪವೂ ಅಳುಕದೆ. "ಹೊಗಳಿದ್ದನ್ನ ಇದ್ದಂಗೇ ಕೊಟ್ಟಿದ್ರೆ ನೀವು ಉಬ್ಬಿ ಒಂದ್ ವಾರ ಕಾಲ ಮ್ಯಾಲೆ ಕಾಲು ಹಾಕ್ಕೊಂಡು ಕೂಡ್ತಿದ್ರಿ. ಬೈದಿದ್ದನ್ನ ಇದ್ದಂಗೇ ಕೊಟ್ಟಿದ್ರೆ ಭಾನುವಳ್ಳಿ ಕಡೆ ತಲೆನೇ ಹಾಕ್ತಿರ್ಲಿಲ್ಲ. ನನಗೆ ನೀವಿಬ್ರೂ ಬೇಕಿತ್ತು. ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಸಮ ಮಾಡಿದೆ."

"ಬೈದಿದ್ದೂ ಇತ್ತಾ?" ಎಂದೆ.

ಪುಷ್ಪಲತಾ ಅವ್ವನನ್ನು ನೋಡಿದಳು. ಅತ್ತೆ ತಮ್ಮ ಸಿಮೆಂಟ್ ಪಟ್ಟಿಯನ್ನು ಆಳವಾಗಿ ಪರೀಕ್ಷಿಸತೊಡಗಿದರು. "ಇನ್ನು ಮ್ಯಾಲೆ ನೇರ ಲೈನ್ ಐತಲ್ಲ," ಎಂದಳು ಪುಷ್ಪಲತಾ. "ನೀವೇ ಕೇಳ್ಕೊಳ್ರಿ." ಹಾಗೆ ಹೇಳುತ್ತಾ ಅವಳು ಕಣ್ಣಂಚನ್ನು ಬೆರಳಿನಿಂದ ಒತ್ತಿಕೊಂಡದ್ದನ್ನು ನಾನು ನೋಡಿದೆ. ಆಮೇಲೆ ಅವ್ವನ ಕೈಯಿಂದ ಡಬ್ಬಿ ಕಸಿದು, "ಏನಿದು, ಇಲ್ಲಿ ಕೊಡು," ಎಂದು ಗುಂಡಿ ಒತ್ತಿದಳು. ಮೊದಲನೇ ಪೀಪಾಯಿಗೇ ಟರ್‌ರ್. ಅತ್ತೆ ನನ್ನ ಕಡೆ ನೋಡಿ ಮುಗುಳ್ನಕ್ಕರು. ನನಗೆ ಆ ನಗು ಎಲ್ಲ ಬೆಣ್ಣೆಯ ಬಾಕಿಯನ್ನೂ ತೀರಿಸಿತು.

ಪಟ್ಟಿ ಬಿಚ್ಚಿದರು. ಮೂಳೆ ಕೂಡಿತ್ತು. ಒಂದು ವಾರ ನಡೆದು ಅಭ್ಯಾಸ ಮಾಡಿದ ಮೇಲೆ ಅತ್ತೆ ಊರಿಗೆ ಹೊರಟರು. ಕರೆದುಕೊಂಡು ಹೋಗುವವನು ನಾನು. ಅಂದು ಬೆಳಿಗ್ಗೆ ನಾನು ಚೀಲ ಹಿಡಿದು ನಡುಮನೆಗೆ ಬಂದಾಗ ಅತ್ತೆ ಮಂಚದಿಂದ ಎದ್ದು ನಿಂತರು, ಸೆರಗನ್ನು ಹಣೆಯವರೆಗೆ ಎಳೆದುಕೊಂಡರು. ಕಾಲು ಸರಿಯಾಯಿತು, ಇನ್ನು ಮತ್ತೆ ಗೋಡೆಯ ಆಚೆಗೆ ಹೋಗಿಬಿಡುತ್ತಾರೆ ಅಂದುಕೊಂಡೆ.

"ಹರಿಹರದಾಗೆ ಬಸ್ಸು ತಪ್ಪಿದ್ರೆ ಬಿಸಿಲಾಗೆ ನಿಲ್ಬೇಕಾಗ್ತೈತೆ, ನಡೀರಿ," ಎಂದಿತು ಸೆರಗು, ನನಗೇ.

ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಭಾನುವಳ್ಳಿಯ ಬಸ್ಸಿಗೆ ಕಾಯುವಾಗ ನಾನು ಡಬ್ಬಿಯನ್ನು ಅವರಿಗೆ ಕೊಟ್ಟೆ. ನೀವೇ ಇಟ್ಟುಕೊಳ್ಳಿ ಎಂದೆ. ಅವರು ಸುತ್ತ ಒಮ್ಮೆ ನೋಡಿ, ನನ್ನ ಕೈಯಿಂದಲೇ ತೆಗೆದುಕೊಂಡು ಸಂಚಿಗೆ ಹಾಕಿಕೊಂಡರು.

ನನ್ನ ಕಷ್ಟಕಾಲ ಶುರುವಾದದ್ದು ಆಮೇಲೆ.

ನಾಲ್ಕು ದಿನಕ್ಕೆ, ಫ್ಯಾಕ್ಟರಿಯಲ್ಲಿ ಟೀ ಕುಡಿಯುವ ಹೊತ್ತಿಗೆ, ಫೋನು ಬಂತು. "ನಾನು. ಸೆಲ್ಲು ಹೋಗೈತೆ." ನಾನು ಹಿಗ್ಗಿದೆ. ಎಲ್ಲರಿಗೂ ಕೇಳಿಸುವಂತೆ, "ಆತು ಅತ್ತೆ, ಕಳಿಸ್ತೀನಿ ಅತ್ತೆ," ಎಂದೆ. ಪುಷ್ಪಲತಾಳ ಕೈಯಲ್ಲಿ ಸೆಲ್ಲು ಹರಿಹರದವರೆಗೆ ಹೋಗಿ, ಅಲ್ಲಿಂದ ಭಾಮೈದನ ಮೂಲಕ ಊರು ಸೇರಿತು. ತಲುಪಿತು ಎಂದು ಹೇಳಲು ಇನ್ನೊಂದು ಫೋನು. ಆಮೇಲೆ ದಿನವೂ ಅದೇ ಹೊತ್ತಿಗೆ.

ಮೊದಮೊದಲು ಕುಶಲೋಪರಿ. ಬರಬರುತ್ತಾ ನೇರ ಲೈನಿನ ಮಹಿಮೆ ಗೊತ್ತಾಯಿತು. ನನ್ನ ಹೊಟ್ಟೆ ಮುಂದೆ ಬರುತ್ತಿದೆ. ನಾನು ಕ್ಷೌರಕ್ಕೆ ಹೋಗುವುದೇ ಇಲ್ಲ. ನನ್ನ ಉಪ್ಪಿಟ್ಟನ್ನು ನಾಯಿ ಕೂಡ ಮೂಸುವುದಿಲ್ಲ. "ಪುಷ್ಪಾ ಬಸ್ಸಿನಾಗೆ ನಿಂತ್ಕೊಂಡು ಬಂದು ಸೀದಾ ಒಲಿ ಮುಂದೆ ಹೋಗ್ತಾಳೆ. ಬೆಳಿಗ್ಗೆಲ್ಲಾ ಮನೆಯಾಗೇ ಇರ್ತೀಯಲ್ಲ, ರಾತ್ರಿಗೆ ಸಾರು ಮಾಡಿಟ್ಟು ಹೋಗಾಕೆ ಕೈಗೇನಾಗೈತೆ ನಿನಗೆ?" 'ನೀವು' ಯಾವ ದಿನ 'ನೀನು' ಆಯಿತೋ ನಾನು ಗಮನಿಸಲಿಲ್ಲ. ಅವರಿಗೂ ಗೊತ್ತಾಗಿರಲಿಕ್ಕಿಲ್ಲ.

ಭಾನುವಾರ ನಾನು ಹೆಂಡತಿಯ ಮುಂದೆ ಫೋನು ಹಿಡಿದು ನಿಂತೆ. "ಪುಷ್ಪಾ, ಇನ್ನು ಮ್ಯಾಲೆ ನೀನೇ ಮಾತಾಡು. ಸ್ವಲ್ಪ ತಿದ್ದಿ ಹೇಳು ನನಗೆ."

"ಆ ಕೆಲಸಕ್ಕೆ ರಾಜೀನಾಮೆ ಕೊಟ್ಟೀನಿ," ಎಂದು ಅವಳು ಕಾಲು ಚಾಚಿ ಕೂತಳು. ನಾನು ಅಡುಗೆಮನೆಯಲ್ಲಿ ಸಾರಿಗೆ ಬೇಳೆ ಇಡಲು ಹೋದೆ.

ನಿನ್ನೆಯದನ್ನು ಹೇಳಿ ಮುಗಿಸುತ್ತೇನೆ. ಟೀ ಲೋಟ ಕೈಗೆ ಬಂದೊಡನೆ ಫೋನು ಬಂತು. ನನ್ನ ಕ್ಷೌರದ ವಿಷಯ ಅರ್ಧಕ್ಕೆ ನಿಂತಿತು. "ತಡಿ, ತಡಿ. ಮ್ಯಾಲಿನ ಅಟ್ಟಕ್ಕೆ ಬಂದೀನಿ. ಕೋತಿ ಎದ್ರಿಗೇ ಐತೆ. ಫೋನ್ ಇಡಬ್ಯಾಡ," ಎಂದರು ಅತ್ತೆ. ನಾನು ಇಡಲಿಲ್ಲ. ಒಂದು ಕಿವಿಯಲ್ಲಿ ಟುಕ್ ಟುಕ್ ಟುಕ್, ಪೀಂ. ಟೀ ಮೇಲೆ ಕೆನೆ ಕಟ್ಟಿತು. ಪೀಂ. ಎಲ್ಲರೂ ಎದ್ದು ಹೋದರು. ಪೀಂ. ಇನ್ನೊಂದು ಕಿವಿಯಲ್ಲಿ ಫ್ಯಾಕ್ಟರಿಯ ಬೆಲ್ಲು ಬಡಿಯಿತು. ಫೋರ್ಮನ್ ಬಾಗಿಲಲ್ಲಿ ನಿಂತು ನನ್ನನ್ನೇ ನೋಡತೊಡಗಿದರು.

"ಅತ್ತೆ, ಬೆಲ್ಲಾತು," ಎಂದೆ, ಸಾಧ್ಯವಾದಷ್ಟು ಮೆಲ್ಲಗೆ.

ಆ ಕಡೆಯಿಂದ ಟರ್‌ರ್.

ಆಮೇಲೆ ಅತ್ತೆಯ ದನಿ ಬಂತು. "ಇನ್ನೊಂದೇ ಪೀಪಾಯಿ ಇತ್ತು. ನೀನು ಬಾಯಿ ಬಿಟ್ಟಿ, ಅವ್ನು ಸತ್ತ."

"ತಪ್ಪಾತು ಅತ್ತೆ."

"ಅದಕ್ಕೇ ನೋಡು, ಇಷ್ಟು ವರ್ಷ ನಿನ್ನ ಜೊತೆ ಮಾತೇ ಬ್ಯಾಡ ಅಂತ ಇದ್ದಿದ್ದು."